ಕೆರೆ ನಮ್ಮದು, ಸುದ್ದಿ ಯಾರದು?

"ಹಳ್ಳಿಯವರಿಗೆ ಮಳೆ, ಬೆಳೆ, ಬೆಲೆ ಸುದ್ದಿ ಸಾಕು. ವಿಶ್ವದ ಹುಟ್ಟು ಕಟ್ಟಿಕೊಂಡು ಅವರಿಗೇನಾಗಬೇಕು?" ಈ ಮಾತನ್ನು ನಾವು ಒಪ್ಪುವುದಿಲ್ಲ.

ಹಳೇ ಟಿವಿಯಲ್ಲಿ ಚಾನೆಲ್ ಸಿಗದಾಗ ಚುಕ್ಕೆಗಳು ಕುಣಿಯುತ್ತಿದ್ದವಲ್ಲ? ಅವುಗಳಲ್ಲಿ ಒಂದಿಷ್ಟು ಸುಮಾರು 1380 ಕೋಟಿ ವರ್ಷ ಹಳೆಯ ಬೆಳಕಿನವು. ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷವಾದಾಗ ಹೊರಟ ಆ ಬೆಳಕು ಈಗ ಮೈನಸ್ 270 ಡಿಗ್ರಿಗೆ ತಣಿದು, ರೇಡಿಯೊ ಅಲೆಯಂತಾಗಿದೆ. 1965ರಲ್ಲಿ ಅಮೆರಿಕದ ಪೆಂಜಿಯಾಸ್ ಮತ್ತು ವಿಲ್ಸನ್ ಇದನ್ನು ಜಗತ್ತಿಗೆ ತಿಳಿಸಿದರು. ಪೇಟೆ, ಹಳ್ಳಿ ಎನ್ನದೆ ಎಲ್ಲರ ಮನೆ ಮೇಲೂ ಅದು ಬೀಳುತ್ತಿದೆ.

2018ರಲ್ಲಿ ಅಮೆರಿಕದ ಇನ್ನೊಂದು ತಂಡ, ಮೊದಲ ನಕ್ಷತ್ರಗಳು ಈ ಬೆಳಕಿನಲ್ಲಿ ಬಿಟ್ಟ ಗುರುತು ಸಿಕ್ಕಿತು ಎಂದಿತು. ನಿಜವೇ ಎಂದು ನೋಡಲು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ 2020ರಲ್ಲಿ 'ಸರಸ್' ಆಂಟೆನಾವನ್ನು ತೇಲಿಬಿಟ್ಟದ್ದು ಎಲ್ಲಿ? ದಂಡಿಗಾನಹಳ್ಳಿ ಕೆರೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ. ನಗರದಲ್ಲಿ ಎಫ್‌ಎಂ, ಮೊಬೈಲುಗಳ ಗದ್ದಲ. ನೆಲದಡಿ ಮಣ್ಣು, ಕಲ್ಲು ಪದರ ಪದರ. ನೀರು ಒಂದೇ ಸಮ. 2022ರಲ್ಲಿ ಉತ್ತರ ಬಂತು: ಅವರು ಹೇಳಿದ ಗುರುತು ಇಲ್ಲಿ ಕಾಣಲಿಲ್ಲ.

"ಇದರಿಂದ ಹೊಟ್ಟೆ ತುಂಬುತ್ತದೆಯೇ?" ಎನ್ನುತ್ತಾರೆ. ಪೇಟೆಯವರ ಹೊಟ್ಟೆಯೂ ತುಂಬುವುದಿಲ್ಲ. ಅವರನ್ನು ಯಾರೂ ಹೀಗೆ ಕೇಳುವುದಿಲ್ಲ.

ನಮ್ಮ ನೀರು ಬೇಕು, ನಮ್ಮೂರಿನ ಮೌನ ಬೇಕು. ಹಾಗಾದರೆ ಅಲ್ಲಿ ಸಿಕ್ಕ ಉತ್ತರವೂ ನಮ್ಮ ಭಾಷೆಯಲ್ಲಿ, ಕೆರೆದಂಡೆಯ ಶಾಲೆಯ ಮಕ್ಕಳಿಗೆ ಮೊದಲು ಸಿಗಬೇಕು. ಇದು ನಾವು ಬೇಡುವ ಉಪಕಾರವಲ್ಲ, ನಮ್ಮ ಪಾಲು.