‘ನೆಟ್‌ವರ್ಕ್ ಇಲ್ಲ’ ಅನ್ನೋದು ಉತ್ತರ ಅಲ್ರಿ

ಇವತ್ತು ತೊಗರಿ ಬಗ್ಗೆ ಅಲ್ಲ, ಕೆಂಪು ಬಾಳಿ ಬಗ್ಗೆನೂ ಅಲ್ಲ, ವೈಫೈ ಬಗ್ಗೆ ಬರೀತೀನಿ. ನಗಬ್ಯಾಡ್ರಿ. ಜುಲೈ ತಿಂಗಳು ಬಂತಂದ್ರ ನಮ್ಮ ಬೆಳೆ ವಿಮೆ ನಿಂತಿರೋದು ಇದರ ಮ್ಯಾಲೇನೇ.

ಕಮಲಾಪುರಕ್ಕ ಹೋಗ್ರಿ, ಕಲಬುರಗಿಗೆ ಹೋಗ್ರಿ, ಆನ್‌ಲೈನ್ ಕೆಲಸದ ಕೌಂಟರಿನಾಗ ಒಂದೇ ಮಾತು: “ನೆಟ್‌ವರ್ಕ್ ಕಟ್ ಆಗ್ಲಿಕತ್ತದ, ನಾಳಿ ಬರ್ರಿ.” ಹೋದ ಸಲ ಒಂದು ಕೇಂದ್ರದಾಗ ನನಗೂ ಎರಡು ದಿನ ಇದೇ ಆಯ್ತು. ಬಸ್ ಚಾರ್ಜು ನಮ್ಮದು, ಕೆಟ್ಟ ದಿನ ನಮ್ಮದು, ತಾರೀಖು 31 ದಾಟಿದ್ರ ಲುಕ್ಸಾನೂ ನಮ್ಮದೇ. ನೆಟ್‌ವರ್ಕ್ ಮಾತ್ರ ಯಾರದೂ ಅಲ್ಲ!

ನಾನು ಎಸ್ಸೆಸ್ಸೆಲ್ಸಿ ಪಾಸಾದಂವ, ಇಂಜಿನಿಯರ್ ಅಲ್ಲ. ಆದ್ರ ಡ್ರಿಪ್ ಹಾಕಿದ ರೈತನಿಗೆ ವೈಫೈ ತಿಳೀದೇ ಇರೋ ಅಂಥಾದ್ದೇನಲ್ಲ. ಬಾಳಿ ಬುಡಕ್ಕ ನೀರು ಬರ್ಲಿಲ್ಲಂದ್ರ “ನೀರಿಲ್ಲ” ಅಂತ ಮನಿಗಿ ಹೋಗ್ತೀವೇನು? ಮೊದಲ ಬೋರ್ ನೋಡ್ತೀವಿ, ಆಮ್ಯಾಲ ಫಿಲ್ಟರ್, ಆಮ್ಯಾಲ ಪೈಪು, ಕಡೀಕ ಡ್ರಿಪ್ಪರ್. ಇಲ್ಲೂ ಹಂಗೇ.

ಮೊದಲ ಹೊರಗಿನ ಲೈನು. ಫೈಬರ್ ಡಬ್ಬಿ ಮ್ಯಾಲ ‘ಎಲ್‌ಒಎಸ್’ ಅನ್ನೋ ಕೆಂಪು ದೀಪ ಉರಿದ್ರ ತಂತಿಯಲ್ಲಿ ಬೆಳಕು ಬರ್ತಿಲ್ಲ ಅಂತ ಅರ್ಥ. ತಂತಿ ಹರಿದಿರಬೇಕು, ಇಲ್ಲಾ ಮಡಚಿರಬೇಕು. ಅದು ಕಂಪನಿ ಕೆಲಸ, ದೂರು ಬರೆಸಬೇಕು.

ಕೆಂಪು ದೀಪ ಇಲ್ಲಾ? ಕಂಪ್ಯೂಟರಿಗೆ ನೇರ ಕೇಬಲ್ ಹಚ್ಚಿ ನೋಡ್ರಿ. ಕೇಬಲಿನಾಗ ಚಂದ ನಡೆದು ವೈಫೈದಾಗಷ್ಟೇ ಕಟ್ ಆದ್ರ ದೋಷ ಲೈನಿಂದಲ್ಲ, ಕೋಣಿ ಒಳಗಿಂದು. ರೂಟರ್ ತಗಡಿನ ಅಲ್ಮಾರಿ ಹಿಂದ ಇರ್ತದ, ನಡುವ ದಪ್ಪ ಕಲ್ಲಿನ ಗೋಡಿ. 5 ಗಿಗಾಹರ್ಟ್ಸ್ ಜೋರು ಓಡ್ತದ, ಗೋಡಿ ದಾಟೋದ್ರಾಗ ಸೋಲ್ತದ. 2.4 ದೂರ ಹೋಗ್ತದ, ಆದ್ರ ಅದರಾಗ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ಕಲಬುರಗಿ ಬಜಾರದಾಗ ಅಂಗಡಿಗೊಂದು ವೈಫೈ, ಎಲ್ಲಾವೂ ಒಂದೇ ಚಾನೆಲ್ ಮ್ಯಾಲ ಕುಂತ್ರ ಗುದ್ದಾಟ ಆಗದೇ ಇರ್ತದೇನು?

ಇನ್ನು ನಮ್ಮ ಬಿಸಿಲು. ಬ್ಯಾಸಿಗ್ಯಾಗ 40 ಡಿಗ್ರಿ ದಾಟ್ತದ. ಕಿಟಕಿ ಬಿಸಿಲಿಗೆ ಇಟ್ಟ ರೂಟರ್ ಕಾದು ತಾನೇ ಬಂದ್ ಆಗ್ತದ. ಕರೆಂಟ್ ಒಮ್ಮೆ ಮಿಣುಕಿದ್ರೂ ರೂಟರ್ ಮತ್ತ ಶುರು ಆಗಿ ಲೈನ್ ಹಿಡೀಲಿಕ್ಕೆ ನಿಮಿಷಗಟ್ಟಲೆ ಬೇಕು. ಒಂದು ಸಣ್ಣ ಬ್ಯಾಟರಿ ಬ್ಯಾಕಪ್ ಹಚ್ಚಿದ್ರ ಮುಗೀತು. ಇಷ್ಟೆಲ್ಲಾ ಸರಿ ಇದ್ದೂ, ಬ್ಯಾರೆ ವೆಬ್‌ಸೈಟ್ ತೆರೆದು ಅದೊಂದೇ ಪೋರ್ಟಲ್ ತೆರೀಲಿಲ್ಲಂದ್ರ ಅದು ಸರ್ವರ್ ದೋಷ. ಹಂಗಂತ ಹೇಳ್ರಿ, ನೆಟ್‌ವರ್ಕ್ ಮ್ಯಾಲ ಹಾಕಬ್ಯಾಡ್ರಿ.

“ಕುಂತ ಹುಡುಗ ಏನ್ ಮಾಡ್ಬೇಕು?” ಅಂತೀರಿ. ಖರೇ. ನನ್ನ ಸಿಟ್ಟು ಆ ಹುಡುಗನ ಮ್ಯಾಲ ಅಲ್ಲ. ಕಾಗದದ ದಾರಿ ಮುಚ್ಚಿ ಎಲ್ಲಾ ಆನ್‌ಲೈನ್ ಮಾಡಿದವರ ಮ್ಯಾಲ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯೋ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲೇ ಒಪ್ಪಿಗೆ ಕೊಟ್ಟಿತ್ತು, ಈಗ ಅದಕ್ಕ ಭಾರತ್‌ನೆಟ್ ಅಂತಾರ. ಫೈಬರ್ ಬಾಗಿಲ ತನಕ ಬಂದ್ರೂ ಒಳಗಿನ ಕಡೀ ಹತ್ತು ಅಡಿ ನೋಡೋರು ಯಾರೂ ಇಲ್ಲ.

2017ರ ಅಕ್ಟೋಬರಿನಲ್ಲಿ ಆಧಾರ್ ಪ್ರಾಧಿಕಾರವೇ ಸುತ್ತೋಲೆ ಕಳಿಸಿ, ನೆಟ್‌ವರ್ಕ್ ಇಲ್ಲ ಅನ್ನೋ ಕಾರಣಕ್ಕ ಪಡಿತರದಂಥ ಸೌಲಭ್ಯ ತಪ್ಪಿಸಬಾರದು, ಬದಲಿ ದಾರಿ ಇರಬೇಕು ಅಂತ ಹೇಳ್ಯದ. ಪಡಿತರಕ್ಕ ಇರೋ ನ್ಯಾಯ ಬೆಳೆ ವಿಮೆಗೆ ಯಾಕ ಬ್ಯಾಡ? ನಾವು ಕೇಳೋದು ಇಷ್ಟೇ: ನೆಟ್‌ವರ್ಕ್ ಹೋದ್ರ ಬಂದ ರೈತನ ಹೆಸರು, ತಾರೀಖು, ಟೈಮು ಬರೆದು ಸಹಿ ಹಾಕಿ ಚೀಟಿ ಕೊಡ್ರಿ. ಆ ಚೀಟಿ ತಾರೀಖೇ ಅರ್ಜಿ ತಾರೀಖು ಅಂತ ಆಗಲಿ.

ಮುಂದಿನ ಸಲ “ನಾಳಿ ಬರ್ರಿ” ಅಂದ್ರ ಸುಮ್ನ ತಿರುಗಿ ಬರಬ್ಯಾಡ್ರಿ. “ಕೆಂಪು ದೀಪ ಉರೀತದೇನ್ರಿ? ಕೇಬಲ್ ಹಚ್ಚಿ ನೋಡೀರೇನು?” ಅಂತ ಕೇಳ್ರಿ. ಇಲ್ಲಂದ್ರ ಚೀಟಿ ಕೇಳ್ರಿ.