ಸಾಹೇಬರ ಲಾಗಿನ್, ಅವ್ವನ ಬೆರಳು



ಹೋದ ವಾರ ನಮ್ಮ ಸಾಹೇಬರು ಮನೆಯಿಂದ ಆಫೀಸಿನ ಸರ್ವರ್‌ಗೆ ರಿಮೋಟ್ ಲಾಗಿನ್ ಆಗೋಕೆ ಹೋದ್ರು. ಆಗ್ಲಿಲ್ಲ. ಪರದೆ ಮೇಲೆ ಬರ್ತಿದ್ದದ್ದು ಒಂದೇ ಮಾತು, ಲಾಗಿನ್ ವಿಫಲ. ಹತ್ತು ನಿಮಿಷದಲ್ಲಿ ಟೆಕ್ನಿಷಿಯನ್ ಹಾಜರ್. "ನೀವೇ ಪಾಸ್‌ವರ್ಡ್ ತಪ್ಪು ಹೊಡೆದಿರ್ತೀರಿ, ನಾಳೆ ನೋಡಿ" ಅಂತ ಅವನು ಅನ್ನಲಿಲ್ಲ. ಸರ್ವರ್‌ನಲ್ಲಿ ಈವೆಂಟ್ ವ್ಯೂವರ್ ತೆಗೆದು 4625 ನಂಬರಿನ ದಾಖಲೆ ನೋಡಿದ. ವಿಂಡೋಸ್‌ನಲ್ಲಿ ವಿಫಲವಾದ ಲಾಗಿನ್ ದಾಖಲಾಗೋದು ಆ ನಂಬರಿನಲ್ಲಿ. ಪಾಸ್‌ವರ್ಡ್ ತಪ್ಪಾದರೆ ಒಂದು ಕೋಡ್, ಅಕೌಂಟ್ ಲಾಕ್ ಆಗಿದ್ದರೆ ಇನ್ನೊಂದು, ಆ ಹೆಸರಿನವರೇ ಇಲ್ಲ ಅಂದ್ರೆ ಮತ್ತೊಂದು. ಇಲ್ಲಿದ್ದದ್ದು ಮೂರನೆಯದು. ಮನೆ ಲ್ಯಾಪ್‌ಟಾಪ್ ತನ್ನದೇ ಹೆಸರನ್ನ ಸಾಹೇಬರ ಯೂಸರ್ ನೇಮ್ ಮುಂದೆ ಅಂಟಿಸಿ ಕಳಿಸ್ತಿತ್ತು. ಆ ಜಾಗದಲ್ಲಿ ಆಫೀಸ್ ಡೊಮೇನ್ ಹೆಸರು ಟೈಪ್ ಮಾಡಿದ್ರು, ಬಾಗಿಲು ತೆರೀತು.

ಅದೇ ಸಂಜೆ ನಮ್ಮವ್ವ ನ್ಯಾಯಬೆಲೆ ಅಂಗಡಿಯಿಂದ ಬರಿಗೈಲಿ ಬಂದ್ಲು. ಮೂವತ್ತು ವರ್ಷ ಬೀದಿ ಗುಡಿಸಿದ ಕೈ. "ಥಂಬ್ ಬರ್ತಿಲ್ಲ, ನಾಳೆ ಬಾ" ಅಂದ್ರಂತೆ. ಮೂರನೇ ಸಲ. ಯಾಕೆ ಬರ್ತಿಲ್ಲ ಅಂತ ಯಾರೂ ನೋಡಲಿಲ್ಲ. ಬೆರಳು ಸವೆದದ್ದು ಅವಳದೇ ತಪ್ಪು ಅನ್ನೋ ಹಾಗೆ ಕಳಿಸಿಬಿಟ್ಟರು.

ಬಂಧುಗಳೇ, ಆಧಾರ್ ದೃಢೀಕರಣಕ್ಕೂ ಲಾಗ್ ಇದೆ. ಯುಐಡಿಎಐ ವೆಬ್‌ಸೈಟಿನಲ್ಲಿ ಆಧಾರ್ ನಂಬರ್ ಹಾಕಿ, ಮೊಬೈಲಿಗೆ ಬರೋ ಒಟಿಪಿ ಕೊಟ್ಟರೆ ಹಿಂದಿನ ಆರು ತಿಂಗಳ ದೃಢೀಕರಣದ ಚರಿತ್ರೆ ಸಿಗುತ್ತೆ. 300 ಅಂತ ಇದ್ದರೆ ಬೆರಳಚ್ಚು ಹೊಂದಿಲ್ಲ: ಬೇರೆ ಬೆರಳು ಕೊಡಿಸಿ, ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸಿ. 330 ಅಂದ್ರೆ ಬಯೋಮೆಟ್ರಿಕ್ ಲಾಕ್ ಆಗಿದೆ: ಅನ್‌ಲಾಕ್ ಮಾಡಿದರೆ ಸಾಕು. ಆ ದಿನದ ದಾಖಲೆಯೇ ಇಲ್ಲದಿದ್ದರೆ ವಿನಂತಿ ಅಲ್ಲಿಗೆ ಮುಟ್ಟೇ ಇಲ್ಲದಿರಬಹುದು. ಆಗ ತಪ್ಪು ನೆಟ್‌ವರ್ಕಿನದೂ ಆಗಿರಬಹುದು, ಅವ್ವನ ಬೆರಳಿನದೇ ಅನ್ನೋಕಾಗಲ್ಲ.

ಬೆರಳು ಹೊಂದದಿದ್ದರೂ ಅಕ್ಕಿ ನಿಲ್ಲಿಸೋ ಹಾಗಿಲ್ಲ. ದೃಢೀಕರಣ ಆಗಲಿಲ್ಲ ಅಂತ ಅರ್ಹರಿಗೆ ಪಡಿತರ ನಿರಾಕರಿಸಬಾರದು, ಬೇರೆ ವಿಧಾನದಲ್ಲಿ ಕೊಟ್ಟು ದಾಖಲಿಸಬೇಕು ಅಂತ ಯುಐಡಿಎಐ 2017ರ ಅಕ್ಟೋಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ. 2018ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದೇ ಕಾಳಜಿ ಹೇಳಿದೆ.

ನಾನು ಮಷೀನ್ ಬೇಡ ಅಂತಿಲ್ಲ. ದಿನಾ ಅದರ ಮುಂದೇ ಕೂತು ಅನ್ನ ತಿನ್ನೋನು. ಆದರೆ ಲಾಗಿನ್ ಆಗದಿದ್ದಾಗ ಸಾಹೇಬರ ವಿಷಯದಲ್ಲಿ ಮಷೀನನ್ನ ಅನುಮಾನಿಸ್ತೀವಿ, ನಮ್ಮವರ ವಿಷಯದಲ್ಲಿ ಮನುಷ್ಯರನ್ನೇ ಅನುಮಾನಿಸ್ತೀವಿ. ಈ ಅಭ್ಯಾಸ ಮಷೀನಿಗಿಂತ ಬಹಳ ಹಳೇದು. ಯಾರು, ಯಾವ ಪೈಕಿ ಅಂತ ಕೇಳಿ ಬಾಗಿಲಲ್ಲೇ ನಿಲ್ಲಿಸಿದ್ದನ್ನ ನಾವು ಮರೆತಿಲ್ಲ.

ನಿಮ್ಮ ಕೇರಿಯಲ್ಲಿ ಹೀಗೆ ವಾಪಸ್ ಬಂದವರಿದ್ದರೆ ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ. ಕೋಡ್ ಏನು ಬಂತು ಕೇಳಿ. ಪಡಿತರ ಕೊಡಲ್ಲ ಅಂದ್ರೆ ಕಾರಣ ಬರೆದು ಕೊಡಿ ಅನ್ನಿ. ಬರೆಯಲ್ಲ ಅಂದ್ರೆ ನೀವೇ ಬರೆದು ತಹಶೀಲ್ದಾರರಿಗೆ ಅರ್ಜಿ ಹಾಕಿ, ಸ್ವೀಕೃತಿ ತಗೊಳ್ಳಿ. ಅರ್ಜಿ ಬರೆಯೋಕೆ ಬರದಿದ್ದರೆ ನನಗೆ ಮೆಸೇಜ್ ಮಾಡಿ. ಗುಮಾಸ್ತ ನಾನು, ಅದೊಂದು ಚೆನ್ನಾಗಿ ಬರುತ್ತೆ.

ಜೈಭೀಮ್.