ಮೊದಲ ಗನ್ ರಿವಾಲ್ವರ್ ಬೇಡ ಮಾರಾಯ್ರೇ

1/3
“ಶೂಟಿಂಗ್ ಕಲೀಬೇಕು, ಯಾವ ರಿವಾಲ್ವರ್ ಒಳ್ಳೇದು?” ಅಂತ ಡಿಎಂ ಮಾಡುವವರೇ, ನಿಮಗೆ ಬೇಕಾದ್ದು ಶೂಟಿಂಗಾ, ರೀಲ್ಸಾ? 21 ತುಂಬದೆ ಲೈಸೆನ್ಸ್ ಸಿಗುವುದೇ ಇಲ್ಲ. ಇನ್ನು ತೋಟ ಕಾಯಲಿಕ್ಕೆ ಅಜ್ಜನ ಹೆಸರಲ್ಲಿರುವ ಕೋವಿ? ಅದು ನಿಮ್ಮ ಸ್ಟೋರಿಗೆ ಅಲ್ಲ. ಎಡವಟ್ಟಾದರೆ ಠಾಣೆ ಮೆಟ್ಟಿಲು ಹತ್ತುವುದು ಅಜ್ಜ.

2/3
ಕಾನೂನು ಬಿಡಿ, ಕಲಿಯಲಿಕ್ಕೂ ರಿವಾಲ್ವರ್ ಕೆಟ್ಟ ಮೇಷ್ಟ್ರು. ಆ ಸದ್ದು, ಆ ಒದೆತ! ನಾಲ್ಕು ಗುಂಡು ಹಾರಿಸುವಷ್ಟರಲ್ಲಿ ಕೈ ಬೆಚ್ಚಲು ಕಲಿತಿರುತ್ತದೆ, ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತದೆ. ಹ್ಯಾಮರ್ ಎಳೆಯದೆ ಒತ್ತಿದರೆ ಟ್ರಿಗರ್ ಎಷ್ಟು ಬಿಗಿ ಅಂದ್ರೆ, ಬೆರಳಿನ ಜೊತೆ ನಳಿಗೆಯೂ ವಾಲುತ್ತದೆ. ಈ ಚಾಳಿ ಬಿಡಿಸುವಷ್ಟರಲ್ಲಿ ಕೋಚ್‌ಗೆ ಸಾಕುಬೇಕಾಗ್ತದೆ.

3/3
4.5 ಎಂಎಂ ಏರ್ ಪಿಸ್ತೂಲ್ ಹಿಡಿಯಿರಿ. 20 ಜೌಲ್‌ಗಿಂತ ಕಡಿಮೆಯದ್ದಕ್ಕೆ ಲೈಸೆನ್ಸ್ ಬೇಡ. ಆಟಿಕೆ ಅಂತ ನಗಬೇಡಿ, ಪೆಲೆಟ್ ತಾಗಿದರೆ ಕಣ್ಣು ಹೋದೀತು. 10 ಮೀಟರ್ ದೂರದಲ್ಲಿ ಹತ್ತು ಅಂಕದ ವೃತ್ತ ಬರೀ 11.5 ಮಿ.ಮೀ. ಉಂಟು, ನಮ್ಮ ಅಡಿಕೆಗಿಂತ ಸಣ್ಣದು! ಮನು ಭಾಕರ್ 2024ರಲ್ಲಿ ಪ್ಯಾರಿಸ್‌ನಿಂದ ಎರಡು ಕಂಚು ತಂದದ್ದು ಇದರಲ್ಲೇ.
ಉಜಿರೆ, ಮೂಡುಬಿದಿರೆಯ ಎನ್‌ಸಿಸಿ ಮಕ್ಕಳೇ, ಕ್ಯಾಂಪಲ್ಲಿ .22 ರೈಫಲ್ ಫೈರಿಂಗ್ ಸಿಕ್ಕಿದರೆ ತಪ್ಪಿಸಬೇಡಿ. ರಿವಾಲ್ವರ್ ಡಿಎಂಗೆ ಇನ್ನು ರಿಪ್ಲೈ ಇಲ್ಲ.